ಫಿಟ್‌ನೆಸ್ ಟ್ರ್ಯಾಕರ್ ಧರಿಸುವ ಮಣಿಕಟ್ಟು

ಫಿಟ್‌ನೆಸ್ ಟ್ರ್ಯಾಕರನ್ನು ಸಾಮಾನ್ಯವಾಗಿ ಕಡಿಮೆ ಬಳಸುವ ಕೈಯ ಮಣಿಕಟ್ಟಿಗೆ, ಅಂದರೆ ಬಲಗೈ ರೂಢಿಯವರು ಎಡಗೈಗೆ, ಧರಿಸುತ್ತಾರೆ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದೊಂದಿಗೆ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದ ಎಚ್‌ಎಂಟಿ ಕಾರ್ಖಾನೆಯ ಕೈಗಡಿಯಾರಗಳಿಗೆ ಕೀಲಿ ಕೊಡುವ ತಿರುಪು ಬಲಬದಿಯಲ್ಲಿದ್ದುದರಿಂದ ಎಡಗೈಯೇ ಅನುಕೂಲವಾಗಿತ್ತು. ಟ್ರ್ಯಾಕರಿಗೆ ಕಾರಣ ಬೇರೆ. ಅದರೊಳಗಿನ ಆಕ್ಸೆಲೆರೊಮೀಟರ್ ಕೈಯ ಚಲನೆಯಿಂದ ಹೆಜ್ಜೆಗಳನ್ನು ಅಂದಾಜಿಸುವುದರಿಂದ, ಪಾತ್ರೆ ಉಜ್ಜುವ ಕೈಯಲ್ಲಿದ್ದರೆ ಇಲ್ಲದ ಹೆಜ್ಜೆಗಳೂ ಸೇರಬಹುದು. ತಳ್ಳುಗಾಡಿ ಹಿಡಿದು ನಡೆಯುವಾಗ, ಯಾವ ಕೈಯಲ್ಲಿದ್ದರೂ ಎಣಿಕೆ ತಗ್ಗಬಹುದು. ಫಿಟ್‌ಬಿಟ್‌ನಂಥ ಸಾಧನಗಳಲ್ಲಿ ಧರಿಸಿದ ಕೈಯನ್ನು ನಮೂದಿಸುವ ಆಯ್ಕೆಯಿದೆ.

ಡಯಾಲಿಸಿಸ್‌ಗಾಗಿ ಫಿಸ್ಟುಲಾ ಮಾಡಿಸಿಕೊಂಡ ಕೈಗೆ ಮಾತ್ರ ಪಟ್ಟಿ ಕಟ್ಟಬಾರದು. ಒತ್ತಡದಿಂದ ರಕ್ತದ ಹರಿವು ಕುಗ್ಗಿ ಫಿಸ್ಟುಲಾ ಮುಚ್ಚಿಹೋಗಬಹುದು. ಅದನ್ನು ಸಾಮಾನ್ಯವಾಗಿ ಕಡಿಮೆ ಬಳಸುವ ಕೈಯಲ್ಲೇ ಮಾಡುವುದರಿಂದ, ಇಂಥವರು ಟ್ರ್ಯಾಕರನ್ನು ಹೆಚ್ಚು ಬಳಸುವ ಕೈಗೇ ಧರಿಸಬೇಕಾಗುತ್ತದೆ.