ಡೊಮೇನ್ ಕಳೆದುಕೊಂಡ ಸರ್ವರ್: ಒಕ್ಕೂಟ ಜಾಲಗಳಲ್ಲಿ ವಿಳಾಸದ ಸಂಕಟ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳು 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹೊಸ ಜಿಲ್ಲೆಗೆ ಸೇರಿದಾಗ ಅಲ್ಲಿನವರ ವಿಳಾಸದಲ್ಲಿ ಜಿಲ್ಲೆಯ ಹೆಸರು ಬದಲಾಯಿತು. ಹಾಗೆಂದು ಹಳೆಯ ವಿಳಾಸ ಬರೆದ ಕಾಗದ ದಾರಿ ತಪ್ಪಬೇಕಾಗಿರಲಿಲ್ಲ. ಶಿಡ್ಲಘಟ್ಟಕ್ಕೆ 562105, ಚಿಂತಾಮಣಿಗೆ 563125 ಎಂಬ ಪಿನ್‌ಕೋಡ್ ಇದ್ದರೆ ಅಂಚೆಯವರಿಗೆ ಸಾಕು. ಮ್ಯಾಸ್ಟೊಡಾನ್‌ನಂತಹ ಒಕ್ಕೂಟ ಮಾದರಿಯ ಸಾಮಾಜಿಕ ಜಾಲಗಳಲ್ಲಿ ಇಂತಹ ಅನುಕೂಲವಿಲ್ಲ.

ಫೇಸ್‌ಬುಕ್‌ನಂತೆ ಒಂದೇ ಸಂಸ್ಥೆಯ ಒಡೆತನಕ್ಕೆ ಒಳಪಡದೆ, ಬೇರೆ ಬೇರೆಯವರು ನಡೆಸುವ ಸಾವಿರಾರು ಸರ್ವರ್‌ಗಳು ಪರಸ್ಪರ ಸಂದೇಶ ವಿನಿಮಯ ಮಾಡಿಕೊಳ್ಳುವ ವ್ಯವಸ್ಥೆಯಿದು. ಮ್ಯಾಸ್ಟೊಡಾನ್ 2016ರಲ್ಲಿ ಆರಂಭವಾಯಿತು. ಅದು ಬಳಸುವ ಆಕ್ಟಿವಿಟಿಪಬ್ ನಿಯಮಾವಳಿಗೆ 2018ರ ಜನವರಿಯಲ್ಲಿ ವಿಶ್ವವ್ಯಾಪಿ ಜಾಲ ಒಕ್ಕೂಟದ ಮಾನ್ಯತೆ ದೊರೆಯಿತು. 2019ರ ನವೆಂಬರ್‌ನಲ್ಲಿ ಟ್ವಿಟರ್ ಮೇಲೆ ಮುನಿಸಿಕೊಂಡ ಅನೇಕ ಭಾರತೀಯರು ಇತ್ತ ಬಂದಿದ್ದರು.

ಇಲ್ಲಿ ಸದಸ್ಯನ ಗುರುತು ಎಂದರೆ ಅವನ ಹೆಸರು ಹಾಗೂ ಸರ್ವರ್‌ನ ಡೊಮೇನ್ ಎರಡೂ ಸೇರಿದ್ದು. ಅವನ ಬರಹ, ಹಿಂಬಾಲಕರ ಪಟ್ಟಿ, ಸಂದೇಶದ ಅಸಲಿತನವನ್ನು ಪರೀಕ್ಷಿಸುವ ಕೀಲಿ, ಎಲ್ಲಕ್ಕೂ ಡೊಮೇನೇ ಆಧಾರ. ಡೊಮೇನ್ ಹೋದರೂ ಯಂತ್ರ ಸುಸ್ಥಿತಿಯಲ್ಲಿರುತ್ತದೆ, ಒಂದಕ್ಷರವೂ ಅಳಿದಿರುವುದಿಲ್ಲ. ಆದರೆ ಯಾರಿಗೂ ಅದು ಕಾಣಿಸದು. ಉಳಿದ ಸರ್ವರ್‌ಗಳು ಸಂದೇಶ ತಲುಪಿಸಲು ಯತ್ನಿಸುತ್ತವೆ. ಏಳು ದಿನ ವಿಫಲವಾದರೆ ಮ್ಯಾಸ್ಟೊಡಾನ್ ಆ ಸರ್ವರ್ ಲಭ್ಯವಿಲ್ಲವೆಂದು ತೀರ್ಮಾನಿಸಿ ಕೈಬಿಡುತ್ತದೆ. ಅದೇ ಸರ್ವರ್‌ಗೆ ಬೇರೆ ಡೊಮೇನ್ ಜೋಡಿಸಿದರಾಯಿತಲ್ಲ ಎನ್ನಬಹುದು. ಹಾಗೆ ಮಾಡಿದರೆ ಹೊರಗಿನ ಸರ್ವರ್‌ಗಳ ಪಾಲಿಗೆ ಅಲ್ಲಿರುವವರೆಲ್ಲ ಅಪರಿಚಿತರು.

ಇದು ಕೇವಲ ಊಹೆಯಲ್ಲ. ಎರಡಕ್ಷರದ ಡೊಮೇನ್‌ಗಳು ಆಯಾ ದೇಶಗಳಿಗೆ ಸೇರಿದವು. ಆಫ್ಘಾನಿಸ್ತಾನದ ‘ಡಾಟ್ ಎಎಫ್’ ಅಡಿಯಲ್ಲಿ 2018ರಲ್ಲಿ ನೋಂದಾಯಿತವಾಗಿದ್ದ ‘ಕ್ವಿಯರ್ ಡಾಟ್ ಎಎಫ್’ ಎಂಬ ಮ್ಯಾಸ್ಟೊಡಾನ್ ಸರ್ವರ್‌ನ ಡೊಮೇನನ್ನು 2024ರ ಫೆಬ್ರುವರಿಯಲ್ಲಿ ತಾಲಿಬಾನ್ ಆಡಳಿತ ತಡೆಹಿಡಿಯಿತು. ಅವಧಿ ಮುಗಿಯಲು ಇನ್ನೂ ಸಮಯವಿತ್ತು. 2021ರಲ್ಲಿ ಆಡಳಿತ ಬದಲಾದಾಗಲೇ ಅಪಾಯ ಊಹಿಸಬಹುದಾಗಿತ್ತೆಂಬುದು ನಿಜ. ಆದರೂ ಸದಸ್ಯರಿಗೆ ಸಾವಕಾಶವಾಗಿ ಹೊರಡುವ ಅವಕಾಶ ತಪ್ಪಿತು. ಅದಕ್ಕೂ ಮುನ್ನ, 2023ರ ಜುಲೈನಲ್ಲಿ ಮಾಲಿ ದೇಶ ತನ್ನ ‘ಡಾಟ್ ಎಂಎಲ್’ ಡೊಮೇನ್‌ಗಳ ನಿರ್ವಹಣೆಯನ್ನು ಖಾಸಗಿ ಕಂಪನಿಯಿಂದ ಮರಳಿ ಪಡೆದಾಗ, ಉಚಿತವಾಗಿ ಹೆಸರು ಪಡೆದಿದ್ದ ಕೆಲವು ಲೆಮ್ಮಿ ಸರ್ವರ್‌ಗಳೂ ಕಣ್ಮರೆಯಾದವು.

ಶುಲ್ಕ ಕಟ್ಟಲು ಮರೆತು ಡೊಮೇನ್ ಕಳೆದುಕೊಳ್ಳುವುದು ಇದಕ್ಕಿಂತ ಸಾಮಾನ್ಯ. ‘ಡಾಟ್ ಕಾಮ್’ನಂತಹವುಗಳಲ್ಲಿ ಹೆಸರು ಅಳಿಸಿದ ಮೇಲೂ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಲು 30 ದಿನಗಳಿರುತ್ತವೆ. ಅದೂ ಮೀರಿದರೆ ಯಾರು ಬೇಕಾದರೂ ಕೊಳ್ಳಬಹುದು. ಹೊಸ ಮಾಲೀಕ ಹಳೆಯ ಹೆಸರುಗಳಲ್ಲೇ ಖಾತೆ ತೆರೆದು ಹಿಂದಿನ ಸದಸ್ಯರಂತೆ ನಟಿಸುವ ಅಪಾಯವೂ ಇದೆ. ಮೌನಕ್ಕಿಂತ ಇದು ಕೆಟ್ಟದ್ದು.

ಬೇರೆ ಸರ್ವರ್‌ಗೆ ಹಿಂಬಾಲಕರೊಡನೆ ವಲಸೆ ಹೋಗುವ ಸೌಲಭ್ಯ ಮ್ಯಾಸ್ಟೊಡಾನ್‌ನಲ್ಲಿದೆ; ಹಳೆಯ ಬರಹಗಳು ಮಾತ್ರ ಜೊತೆಗೆ ಬರುವುದಿಲ್ಲ. ಈ ವಲಸೆಯನ್ನು ಹಳೆಯ ಖಾತೆಯಿಂದಲೇ ಘೋಷಿಸಬೇಕಾದ್ದರಿಂದ ಡೊಮೇನ್ ಜೀವಂತವಿರುವಾಗಲೇ ಮುಗಿಸಬೇಕು. ತಾವು ಹಿಂಬಾಲಿಸುವವರ ಪಟ್ಟಿಯನ್ನು ಸದಸ್ಯರು ಆಗಾಗ ಇಳಿಸಿಟ್ಟುಕೊಳ್ಳಬಹುದು. ಮ್ಯಾಸ್ಟೊಡಾನ್‌ನ ಅಧಿಕೃತ ಪಟ್ಟಿಯಲ್ಲಿರುವ ಸರ್ವರ್‌ಗಳು ಮುಚ್ಚುವುದಾದರೆ ಮೂರು ತಿಂಗಳ ಮುಂಚೆ ತಿಳಿಸುವುದಾಗಿ ಒಪ್ಪಿರುತ್ತವೆ. ಡೊಮೇನ್ ಕೊಟ್ಟ ದೇಶ ಅಂತಹ ಮಾತನ್ನೇನೂ ಕೊಟ್ಟಿರುವುದಿಲ್ಲ.