ಕೈಗಾರಿಕಾ ಲ್ಯಾಮಿನೇಟುಗಳು: ವಿದ್ಯುತ್ ನಿರೋಧಕ ಹಲಗೆಯ ದರ್ಜೆಗಳ ಚರಿತ್ರೆ

ಕಾಗದ, ಹತ್ತಿಬಟ್ಟೆ ಅಥವಾ ಗಾಜಿನೆಳೆಯ ಬಟ್ಟೆಯನ್ನು ಕೃತಕ ರಾಳದಲ್ಲಿ ತೋಯಿಸಿ ಒಣಗಿಸಿ, ಪದರದ ಮೇಲೆ ಪದರ ಪೇರಿಸಿ, ಕಾವು ಮತ್ತು ಒತ್ತಡ ಕೊಟ್ಟು ಒಂದಾಗಿಸಿದ ಹಲಗೆ, ಕೊಳವೆ, ಸಲಾಕೆಗಳಿಗೆ ಕೈಗಾರಿಕಾ ಲ್ಯಾಮಿನೇಟು ಎಂದು ಹೆಸರು. ಇದು ಎರಡು ಕೆಲಸವನ್ನು ಒಟ್ಟಿಗೆ ಮಾಡುತ್ತದೆ: ವಿದ್ಯುತ್ತನ್ನು ತಡೆಯುತ್ತದೆ, ಬೋಲ್ಟು ಬಿಗಿದರೂ ಬಿರಿಯದೆ ಭಾರ ಹೊರುತ್ತದೆ. ಪಿಂಗಾಣಿ ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ, ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ. ಮರ ಪೆಟ್ಟು ತಡೆಯುತ್ತದೆ, ಆದರೆ ತೇವ ಹಿಡಿದರೆ ವಿದ್ಯುತ್ತನ್ನು ತಡೆಯುವುದಿಲ್ಲ. ಅಡುಗೆಮನೆ ಕಟ್ಟೆಯ ಸನ್‌ಮೈಕಾ ಕೂಡ ಇದೇ ವಂಶದ್ದು, ಅಲಂಕಾರಕ್ಕೆ ಮೀಸಲಾದ ಶಾಖೆ.

ವಿಜಯಪುರ ನಗರದ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಾಗಲಿ, ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟದ ಸ್ಟಾರ್ಟರ್ ಡಬ್ಬಿಯಲ್ಲಾಗಲಿ, ಕೇಬಲ್ಲಿನ ತುದಿಗಳನ್ನು ಬಿಗಿಯುವ ಕಂದು ಹಲಗೆಯನ್ನು ನೋಡದ ರೈತರು ಕಡಿಮೆ. ಅದಕ್ಕೆ ಹೈಲಂ, ಬೇಕಲೈಟ್, ಫೈಬರ್ ಎಂದು ಬಾಯಿಗೆ ಬಂದ ಹೆಸರು. ಹೈಲಂ ಎಂಬುದು ಹೈದರಾಬಾದಿನ ತಯಾರಿಕೆಯ ಒಂದು ಬ್ರಾಂಡು; ಬಳಸಿ ಬಳಸಿ ಅದು ಎಲ್ಲ ಬಗೆಯ ಹಲಗೆಗೂ ಅಂಟಿಕೊಂಡಿದೆ. ಹೊರನೋಟಕ್ಕೆ ಒಂದೇ ಬಣ್ಣದ ಈ ಹಲಗೆಗಳಲ್ಲಿ ಹತ್ತಾರು ದರ್ಜೆಗಳಿವೆ. ಒಂದರ ಜಾಗಕ್ಕೆ ಇನ್ನೊಂದು ಬಂದರೆ ಮೋಟರು ಸುಡುವುದೂ ಉಂಟು, ಜೀವ ಹೋಗುವುದೂ ಉಂಟು.

ವಿದ್ಯುತ್ ಉದ್ಯಮದ ಮೊದಲ ದಿನಗಳಲ್ಲಿ ನಿರೋಧಕವಾಗಿ ಬಳಕೆಯಲ್ಲಿದ್ದವು ಪಿಂಗಾಣಿ, ಎಬೊನೈಟ್ ಎಂಬ ಗಟ್ಟಿ ರಬ್ಬರು, ಹತ್ತಿ, ಕಾಗದ, ಕಾಗೆಬಂಗಾರ ಮತ್ತು ಅರಗು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿದಾಗ, ಲ್ಯಾಮಿನೇಟು ಇನ್ನೂ ಹುಟ್ಟಿರಲಿಲ್ಲ. ಈ ಪಟ್ಟಿಯ ಕೊನೆಯ ಎರಡು ಸರಕುಗಳಿಗೆ ಜಗತ್ತು ಬಹುಪಾಲು ಭಾರತವನ್ನೇ ನೆಚ್ಚಿತ್ತು. ಉತ್ತಮ ಕಾಗೆಬಂಗಾರ ಕೊಡರ್ಮಾ ಸೀಮೆಯ ಗಣಿಗಳಿಂದ ಹೋಗುತ್ತಿತ್ತು. ಅರಗು ನಮ್ಮ ಕಾಡಿನ ಮರಗಳ ಮೇಲೆ ಕೀಟಗಳು ಸ್ರವಿಸುವ ರಾಳ. ಅದನ್ನು ಕೊಂಬೆಯಿಂದ ಕೈಯಲ್ಲೇ ಕೆರೆದು ಕೂಡಿಹಾಕಬೇಕಿತ್ತು. ವಿದ್ಯುತ್ ಯಂತ್ರಗಳು ಹೆಚ್ಚಿದಷ್ಟೂ ಅರಗಿನ ಬೆಲೆ ಏರಿತು.

ಅರಗಿಗೆ ಬದಲಿ ಹುಡುಕಲು ಹೊರಟವರಲ್ಲಿ ಬೆಲ್ಜಿಯಂ ಮೂಲದ ರಸಾಯನ ವಿಜ್ಞಾನಿ ಲಿಯೋ ಬೇಕ್‌ಲ್ಯಾಂಡ್ ಒಬ್ಬ. ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನಲ್ಲಿದ್ದ ತನ್ನ ಪ್ರಯೋಗಾಲಯದಲ್ಲಿ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡುಗಳ ಕ್ರಿಯೆಯನ್ನು ಕಾವು, ಒತ್ತಡಗಳಿಂದ ಹತೋಟಿಗೆ ತಂದು, ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದ ರಾಳವನ್ನು ಆತ ಪಡೆದ. 1909ರಲ್ಲಿ ಅದು ಬೇಕಲೈಟ್ ಎಂಬ ಹೆಸರಿನಲ್ಲಿ ಜಗತ್ತಿಗೆ ಗೊತ್ತಾಯಿತು. ಆದರೆ ಬರೀ ರಾಳ ಗಾಜಿನಂತೆ ಪೆಡಸು. ಅದರೊಳಗೆ ಕಾಗದವನ್ನೋ ಬಟ್ಟೆಯನ್ನೋ ಎಲುಬಿನಂತೆ ಕೂರಿಸಿದ್ದು ಎಂಜಿನಿಯರುಗಳು. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ ಸುಮಾರು 1910ರಲ್ಲಿ ಮೈಕಾರ್ಟಾ ಹೆಸರಿನ ಹಲಗೆ ತಯಾರಿಸತೊಡಗಿತು. ಅಲ್ಲಿದ್ದ ಡೇನಿಯಲ್ ಓಕಾನರ್ ಮತ್ತು ಹರ್ಬರ್ಟ್ ಫೇಬರ್ 1913ರಲ್ಲಿ ಕೆಲಸ ಬಿಟ್ಟು ಸಿನ್ಸಿನಾಟಿಯಲ್ಲಿ ಫಾರ್ಮೈಕಾ ಕಂಪನಿ ಕಟ್ಟಿದರು. ಅವರು ಮೊದಲು ಮಾಡಿದ ಸರಕು ಮೋಟರಿನ ಕಮ್ಯುಟೇಟರಿಗೆ ಬೇಕಾದ ಉಂಗುರ, ಅಲ್ಲಿಯವರೆಗೆ ಕಾಗೆಬಂಗಾರದಿಂದ ಮಾಡುತ್ತಿದ್ದ ವಸ್ತು. ಹೀಗೆ ಭಾರತದ ಎರಡು ಸರಕುಗಳ ಜಾಗವನ್ನು ಒಂದೇ ಹಲಗೆ ಬಹುಮಟ್ಟಿಗೆ ಹಿಡಿಯಿತು. ತೀವ್ರ ಕಾವಿನ ಜಾಗಗಳಲ್ಲಿ ಮಾತ್ರ ಕಾಗೆಬಂಗಾರ ಇಂದಿಗೂ ಕದಲಿಲ್ಲ.

ತಯಾರಿಕೆಯ ಕ್ರಮ ಅಂದಿನಿಂದ ಇಂದಿಗೆ ಹೆಚ್ಚು ಬದಲಾಗಿಲ್ಲ. ಕಾಗದದ ಸುರುಳಿ ರಾಳದ ತೊಟ್ಟಿಯಲ್ಲಿ ಮುಳುಗಿ, ಬಿಸಿಗಾಳಿಯ ಗೂಡನ್ನು ಹಾದು ಬರುತ್ತದೆ. ಆಗ ರಾಳ ಅರೆಬೆಂದ ಸ್ಥಿತಿಯಲ್ಲಿರುತ್ತದೆ. ಮುಟ್ಟಿದರೆ ಅಂಟುವುದಿಲ್ಲ, ಬಿಸಿ ಮಾಡಿದರೆ ಮತ್ತೆ ಹರಿಯುತ್ತದೆ. ಹಾಳೆಗಳನ್ನು ಕತ್ತರಿಸಿ, ನುಣುಪಾದ ಉಕ್ಕಿನ ತಟ್ಟೆಗಳ ನಡುವೆ ಪೇರಿಸಿ, ಸುಮಾರು 150 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹೈಡ್ರಾಲಿಕ್ ಪ್ರೆಸ್ಸಿನಿಂದ ಒತ್ತಿದಾಗ ರಾಳ ಪೂರ್ತಿ ಬೇಯುತ್ತದೆ. ಪದರಗಳ ರಚನೆಯಿಂದಾಗಿ ಹಲಗೆಯ ಗುಣ ಎಲ್ಲ ದಿಕ್ಕಿಗೂ ಒಂದೇ ಅಲ್ಲ. ದಪ್ಪಕ್ಕೆ ಅಡ್ಡವಾಗಿ ಬರುವ ವೋಲ್ಟೇಜನ್ನು ಅದು ಗಟ್ಟಿಯಾಗಿ ತಡೆಯುತ್ತದೆ. ಪದರಗಳ ಗುಂಟ ಬರುವ ವೋಲ್ಟೇಜಿಗೆ ಬೇಗ ಸೋಲುತ್ತದೆ. ಬೋಲ್ಟುಗಳ ತೂತುಗಳನ್ನು ತೀರ ಹತ್ತಿರ ಕೊರೆಯಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

1920ರ ದಶಕದಲ್ಲಿ ರೇಡಿಯೊ ಬಂತು, ಮೋಟಾರು ವಾಹನ ಬೆಳೆಯಿತು. ಒಂದಕ್ಕೆ ತೇವ ಹಿಡಿಯದ ಹಲಗೆ ಬೇಕು, ಇನ್ನೊಂದಕ್ಕೆ ಸದ್ದಿಲ್ಲದೆ ತಿರುಗುವ ಹಲ್ಲುಗಾಲಿ ಬೇಕು. ಇಷ್ಟು ಬೇರೆ ಬೇರೆ ಕೆಲಸಕ್ಕೆ ಒಂದೇ ಮಾಲು ಸಾಲದು ಎಂದು ತಿಳಿದ ಮೇಲೆಯೇ ದರ್ಜೆಗಳು ಖಚಿತವಾದದ್ದು. 1926ರಲ್ಲಿ ಸ್ಥಾಪನೆಯಾದ ಅಮೆರಿಕದ ವಿದ್ಯುತ್ ಸಲಕರಣೆ ತಯಾರಕರ ಸಂಘ ‘ನೀಮಾ’ ರೂಪಿಸಿದ ಅಕ್ಷರಗಳು ಇಂದಿಗೂ ಚಾಲ್ತಿಯಲ್ಲಿವೆ. ಕಾಗದದ ಹಲಗೆಗೆ ಎಕ್ಸ್. ಒಂದೇ ಎಕ್ಸ್ ಇದ್ದರೆ ಯಾಂತ್ರಿಕ ಕೆಲಸಕ್ಕೆ. ಎರಡಿದ್ದರೆ ಸಾಮಾನ್ಯ ವಿದ್ಯುತ್ ಕೆಲಸಕ್ಕೆ. ಮೂರಿದ್ದರೆ ರಾಳದ ಪಾಲು ಹೆಚ್ಚು, ತೇವ ಹೀರುವುದು ಕಡಿಮೆ, ಆದ್ದರಿಂದ ರೇಡಿಯೊ ಕೆಲಸಕ್ಕೂ ಒದಗುತ್ತದೆ. ಜೊತೆಗೆ ಪಿ ಇದ್ದರೆ ಅಚ್ಚಿನಲ್ಲಿ ತೂತು ಹೊಡೆಯಲು ಬರುವಂಥದ್ದು. ಒರಟು ಕ್ಯಾನ್ವಾಸ್ ಬಟ್ಟೆಯದು ಸಿ, ನಯವಾದ ನೇಯ್ಗೆಯದು ಎಲ್. ಇವು ಹಲ್ಲುಗಾಲಿ, ಬುಷ್, ಬೇರಿಂಗಿಗೆ ಸೇರಿದವು. ಇವುಗಳಿಗೇ ವಿದ್ಯುತ್ ಗುಣ ಸುಧಾರಿಸಿದರೆ ಸಿಇ, ಎಲ್‌ಇ. ಬಟ್ಟೆಯ ದರ್ಜೆಗಳು ಪೆಟ್ಟನ್ನು ಚೆನ್ನಾಗಿ ತಾಳುತ್ತವೆ. ಉಕ್ಕಿನ ರೋಲಿಂಗ್ ಮಿಲ್ಲುಗಳಲ್ಲಿ ಎಣ್ಣೆಯ ಬದಲು ನೀರನ್ನೇ ಹಾಯಿಸಿ ಇವುಗಳ ಬೇರಿಂಗು ನಡೆಸುತ್ತಾರೆ. ಆದರೆ ಹತ್ತಿಯ ಎಳೆ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ. ಬರೀ ಸಿ ದರ್ಜೆಯ ಹಲಗೆಯನ್ನು ಟರ್ಮಿನಲ್ ಬೋರ್ಡಿಗೆ ಹಾಕುವುದು ತಪ್ಪು.

ಗಾಜಿನೆಳೆ ಬಂದ ಮೇಲೆ ಈ ಕ್ಷೇತ್ರ ಮತ್ತೊಮ್ಮೆ ತಿರುವು ಕಂಡಿತು. ಗಾಜು ತೇವ ಹೀರುವುದಿಲ್ಲ, ಹತ್ತಿಯಂತೆ ಸುಟ್ಟು ಕರಕಾಗುವುದಿಲ್ಲ. ಗಾಜಿನ ಬಟ್ಟೆಗೆ ಮೆಲಮೈನ್ ರಾಳ ಸೇರಿದರೆ ಕಿಡಿಯ ಹೊಡೆತ ತಡೆಯುವ ಜಿ-5 ಮತ್ತು ಜಿ-9, ಸಿಲಿಕೋನ್ ಸೇರಿದರೆ ಹೆಚ್ಚಿನ ಕಾವು ತಾಳುವ ಜಿ-7, ಎಪಾಕ್ಸಿ ಸೇರಿದರೆ ಜಿ-10 ಮತ್ತು ಜಿ-11. ಜಿ-10ಕ್ಕೆ ಬೆಂಕಿ ಹಬ್ಬದ ಗುಣ ಕೂಡಿಸಿದ್ದು 1968ರಲ್ಲಿ ಹೆಸರು ಪಡೆದ ಎಫ್‌ಆರ್-4. ತಾಮ್ರದ ತಗಡು ಅಂಟಿಸಿದ ಈ ಹಲಗೆಯೇ ಇಂದು ಮೊಬೈಲು, ಟಿ.ವಿ., ಕಂಪ್ಯೂಟರುಗಳ ಸರ್ಕಿಟ್ ಬೋರ್ಡು. ತೂಕಕ್ಕೆ ಹೋಲಿಸಿದರೆ ಅದರ ಬಲ ಬೆರಗು ಹುಟ್ಟಿಸುತ್ತದೆ.

ಕರ್ನಾಟಕಕ್ಕೆ ಈ ವಸ್ತು ಬೆಂಗಳೂರಿನ ಕಾರ್ಖಾನೆಗಳ ಬಾಗಿಲಿನಿಂದ ಬಂತು. 1930ರ ದಶಕದಲ್ಲಿ ಸ್ಥಾಪನೆಯಾಗಿ ಮುಂದೆ ಕವಿಕಾ ಎನಿಸಿದ ಸರ್ಕಾರಿ ವಿದ್ಯುತ್ ಕಾರ್ಖಾನೆ, 1946ರ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಜರ್ಮನಿಯ ಎಇಜಿ ನೆರವಿನ ಎನ್‌ಜಿಇಎಫ್ ಇವೆಲ್ಲ ಟ್ರಾನ್ಸ್‌ಫಾರ್ಮರು, ಮೋಟರು, ಸ್ವಿಚ್‌ಗೇರ್ ತಯಾರಿಸಿದಂತೆ ನಿರೋಧಕ ಹಲಗೆಯ ಬಳಕೆ ಬೆಳೆಯಿತು. 1948ರ ದೂರವಾಣಿ ಕಾರ್ಖಾನೆ ಐಟಿಐ ತಯಾರಿಸಿದ ಸ್ಟ್ರೌಜರ್ ಟೆಲಿಫೋನ್ ಎಕ್ಸ್‌ಚೇಂಜುಗಳ ರಿಲೇಯಲ್ಲಿ ಒಂದೊಂದು ಸ್ಪ್ರಿಂಗಿನ ನಡುವೆಯೂ ನಿರೋಧಕದ ತೆಳು ತುಂಡು ಕೂರಬೇಕಿತ್ತು. 1954ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್ ಬಂದ ಮೇಲೆ ಸರ್ಕಿಟ್ ಬೋರ್ಡಿನ ಯುಗ. 1960ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ನಿರೋಧಕ ವಸ್ತುಗಳ ಪರೀಕ್ಷೆಯನ್ನೂ ಮಾಡುತ್ತದೆ. ಫೀನಾಲಿಕ್, ಅಂದರೆ ಫೀನಾಲ್ ರಾಳದ, ಹಲಗೆಗಳಿಗೆ ಭಾರತೀಯ ಮಾನಕ ಐಎಸ್ 2036. ಅಂತರರಾಷ್ಟ್ರೀಯ ಮಾನಕ ಐಇಸಿ 60893.

ವಿಜಯಪುರ ಸೀಮೆಯಲ್ಲಿ ಈ ಹಲಗೆಯ ಕಥೆ ನೀರಿನ ಕಥೆಗೆ ಹೊಂದಿಕೊಂಡಿದೆ. ಬಾವಿಯ ನೀರು ಸಾಲದೆ ಬೋರ್ ಕೊರೆಸಿದಂತೆ ಸಬ್‌ಮರ್ಸಿಬಲ್ ಪಂಪು ಬಂತು. ನೀರು ತುಂಬಿದ ಆ ಮೋಟರಿನೊಳಗೆ ಪ್ಲಾಸ್ಟಿಕ್ ಹೊದಿಕೆಯ ತಂತಿಯದೇ ನಿರೋಧ. ಲ್ಯಾಮಿನೇಟಿನ ಕೆಲಸವಿರುವುದು ಮೇಲೆ, ಸ್ಟಾರ್ಟರಿನಲ್ಲಿ. ಅಲ್ಲಿನ ಶತ್ರುಗಳು ಮೂರು. ಒಂದು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ನಿರೋಧಕದ ಕಾವು 8ರಿಂದ 10 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಶಾಸ್ತ್ರದ ಹಳೆಯ ಲೆಕ್ಕ, ಓವರ್‌ಲೋಡಿನಿಂದ ಟಿ.ಸಿ. (ಟ್ರಾನ್ಸ್‌ಫಾರ್ಮರು) ಸುಡುವುದರ ಹಿಂದೆ ಇರುವುದೂ ಈ ಲೆಕ್ಕವೇ. ಎರಡು, ಕಪ್ಪುಮಣ್ಣಿನ ಧೂಳು. ಮೂರು, ಮಳೆ ಮತ್ತು ಇಬ್ಬನಿಯ ತೇವ.

ಧೂಳು, ತೇವ ಎರಡೂ ಕೂಡಿದಾಗ ಹಲಗೆಯ ಮೈಮೇಲೆ ಸಣ್ಣ ಕರೆಂಟು ಹರಿಯುತ್ತದೆ, ಒಣಗಿದ ಕಡೆ ಕಿಡಿ ಹಾರುತ್ತದೆ, ಕಿಡಿ ರಾಳವನ್ನು ಸುಟ್ಟು ಇದ್ದಿಲಾಗಿಸುತ್ತದೆ. ಇದ್ದಿಲು ವಿದ್ಯುದ್ವಾಹಕ. ಹೀಗೆ ಒಂದು ಬೋಲ್ಟಿನಿಂದ ಇನ್ನೊಂದು ಬೋಲ್ಟಿನತ್ತ ಬೇರಿನಂತೆ ಕವಲೊಡೆಯುವ ಕಪ್ಪು ಗೆರೆಯೇ ಟ್ರ್ಯಾಕಿಂಗ್. ಇದನ್ನು ಅಳೆಯುವ ಪರೀಕ್ಷೆಯಲ್ಲಿ 4 ಮಿಲಿಮೀಟರ್ ಅಂತರದ ಎರಡು ಕಡ್ಡಿಗಳ ನಡುವೆ ನವಸಾಗರದ ತಿಳಿ ದ್ರಾವಣವನ್ನು 30 ಸೆಕೆಂಡಿಗೊಂದರಂತೆ 50 ಹನಿ ಬೀಳಿಸುತ್ತಾರೆ. ಕಾಗದದ್ದಾಗಲಿ ಬಟ್ಟೆಯದಾಗಲಿ, ಫೀನಾಲಿಕ್ ಹಲಗೆ ಇಲ್ಲಿ ಕಡಿಮೆ ವೋಲ್ಟೇಜಿಗೇ ಸೋಲುತ್ತದೆ. ಈ ಕೆಲಸಕ್ಕೆಂದೇ ತಯಾರಿಸಿದ ಗಾಜು-ಪಾಲಿಯೆಸ್ಟರ್ ಹಲಗೆ 600 ವೋಲ್ಟಿನಲ್ಲೂ ನಿಲ್ಲುತ್ತದೆ. ಹೊಸ ಪ್ಯಾನೆಲ್ಲುಗಳಲ್ಲಿ ಅದು ಹೆಚ್ಚುತ್ತಿರುವುದು ಸರಿಯಾದ ಬದಲಾವಣೆ.

ದರ್ಜೆಯ ಚೀಟಿ ಇಲ್ಲದಿದ್ದರೂ ಹಲಗೆಯ ಜಾತಿಯನ್ನು ಕಣ್ಣಲ್ಲೇ ಬಹುಮಟ್ಟಿಗೆ ಗುರುತಿಸಬಹುದು. ಕತ್ತರಿಸಿದ ಅಂಚು ನುಣ್ಣಗಿದ್ದರೆ ಕಾಗದದ್ದು. ಮೈಮೇಲೆ ನೇಯ್ಗೆ, ಅಂಚಿನಲ್ಲಿ ನೂಲಿನ ಗುರುತು ಕಂಡರೆ ಬಟ್ಟೆಯದು. ಇವೆರಡನ್ನು ಕೊರೆದಾಗ ಫೀನಾಲಿನ ವಾಸನೆ ಬರುತ್ತದೆ. ತಿಳಿ ಹಸಿರಾಗಿದ್ದು, ಬೆಳಕಿಗೆ ಹಿಡಿದಾಗ ನೇಯ್ಗೆ ಕಂಡರೆ ಗಾಜು-ಎಪಾಕ್ಸಿ. ಅದು ಡ್ರಿಲ್ ಬಿಟ್ಟನ್ನು ಬೇಗ ಮೊಂಡು ಮಾಡುತ್ತದೆ, ಅದರ ಪುಡಿ ಮೈ ತುರಿಸುತ್ತದೆ. ಕೊರೆಯುವವರು ಮೂಗಿಗೆ ಬಟ್ಟೆ ಕಟ್ಟಲೇಬೇಕು. ಹಳೆಯ ಯಂತ್ರಗಳಲ್ಲಿ ಕಲ್ನಾರಿನ ದರ್ಜೆಗಳಾದ ಎ, ಎಎ ಸಿಗುವುದುಂಟು. ಕಲ್ನಾರಿನ ಪುಡಿ ಶ್ವಾಸಕೋಶಕ್ಕೆ ಮಾರಕ. ಅವನ್ನು ಉಜ್ಜುವುದು, ಕೊಯ್ಯುವುದು ಬೇಡ.

ಸ್ಟಾರ್ಟರ್ ರಿಪೇರಿಗೆ ಕೊಡುವ ರೈತರು ಹಲಗೆ ಯಾವ ದರ್ಜೆಯದು ಎಂದು ಕೇಳಬೇಕು. ಕಪ್ಪು ಗೆರೆ ಬಿದ್ದ ಹಲಗೆಯನ್ನು ಉಪ್ಪುಕಾಗದದಲ್ಲಿ ತಿಕ್ಕಿ ಮತ್ತೆ ಕೂರಿಸಲು ಒಪ್ಪಬಾರದು. ಇದ್ದಿಲು ಒಳಪದರಕ್ಕೂ ಇಳಿದಿರುತ್ತದೆ. ಹೊಸ ಹಲಗೆಯನ್ನೇ ಹಾಕಿಸಬೇಕು.