ಹಳೆಯ ಉಪಕರಣ, ಹಳೆಯ ಗಣಕ

ನಿಮ್ಮ ಕಾಲೇಜು ರೋಣದಲ್ಲಿರಲಿ, ನರಗುಂದ ಅಥವಾ ಗಜೇಂದ್ರಗಡದಲ್ಲಿರಲಿ, ಪ್ರಯೋಗಾಲಯದ ಮೂಲೆಯಲ್ಲಿ ಹಳೆಯ ಗಣಕಕ್ಕೆ ಜೋಡಿಸಿದ ಸ್ಪೆಕ್ಟ್ರೋಫೋಟೋಮೀಟರ್ ಇದೆಯೇ? ಅದನ್ನು ಗುಜರಿಗೆ ಹಾಕುವ ಮುನ್ನ ನಮ್ಮ ರಾಜ್ಯದ್ದೇ ಒಂದು ಉದಾಹರಣೆಯನ್ನು ಗಮನಿಸಿ.

1965ರಲ್ಲಿ ಗೌರಿಬಿದನೂರಿನ ಬಳಿ ಭೂಕಂಪನ ಮಾಪಕಗಳ ಸಾಲೊಂದು ಸ್ಥಾಪನೆಯಾಯಿತು. ಇಂದು ಭಾಭಾ ಪರಮಾಣು ಸಂಶೋಧನಾ ಕೇಂದ್ರವೆನಿಸಿರುವ ಸಂಸ್ಥೆ ಬ್ರಿಟನ್ನಿನ ಸಹಕಾರದಿಂದ ಇದನ್ನು ಕಟ್ಟಿತು. ದೂರದ ಭೂಕಂಪಗಳನ್ನೂ ಭೂಗತ ಅಣುಸ್ಫೋಟಗಳನ್ನೂ ಗುರುತಿಸುವುದು ಅದರ ಉದ್ದೇಶ. ಆಗ ಕಂಪನಗಳು ಕಾಂತೀಯ ಟೇಪಿನಲ್ಲಿ ಆವೃತ್ತಿಯ ಏರಿಳಿತಗಳಾಗಿ ದಾಖಲಾಗುತ್ತಿದ್ದವು. ಅಂಥ ಟೇಪನ್ನು ಓದಲು ಸರಿಯಾದ ವೇಗದಲ್ಲಿ ಓಡಿಸುವ ಯಂತ್ರ ಬೇಕು. ಆವೃತ್ತಿಯನ್ನು ಮತ್ತೆ ಕಂಪನವಾಗಿಸುವ ಮಂಡಲವೂ ಬೇಕು. ಟೇಪು ಉಳಿದು ಯಂತ್ರ ಕೆಟ್ಟರೆ ದಾಖಲೆ ಮೂಕವಾಗುತ್ತದೆ.

ನಿಮ್ಮ ಪ್ರಯೋಗಾಲಯದ ಕಥೆಯೂ ಇಂಥದೇ. ಉಪಕರಣದ ದೀಪ, ಮಸೂರಗಳು ಚೆನ್ನಾಗಿಯೇ ಇರಬಹುದು. ಕೈಕೊಡುವುದು ಗಣಕಕ್ಕೂ ಅದಕ್ಕೂ ನಡುವಿನ ಸೇತುವೆ. 1981ರಲ್ಲಿ ಬಂದ ಐಬಿಎಂ ಪಿಸಿಯ ಕಾರ್ಡು ಸಿಕ್ಕಿಸುವ ಕಿಂಡಿ 1984ರಲ್ಲಿ 16 ಬಿಟ್‌ಗೆ ಬೆಳೆಯಿತು. ಇದೇ ಐಎಸ್‌ಎ. ಎಷ್ಟೋ ಉಪಕರಣಗಳ ಕಾರ್ಡುಗಳು ಇದಕ್ಕೇ ತಯಾರಾದವು. 2000ದ ಆಸುಪಾಸಿನಲ್ಲಿ ಹೊಸ ಗಣಕಗಳಿಂದ ಈ ಕಿಂಡಿ ಮರೆಯಾಗತೊಡಗಿತು. ಡಾಸ್‌ನಲ್ಲಿ ಪ್ರೋಗ್ರಾಂ ಕಾರ್ಡಿನೊಡನೆ ನೇರವಾಗಿ ವ್ಯವಹರಿಸುತ್ತಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಅದಕ್ಕೆ ತಡೆಯೊಡ್ಡಿತು. ಆ ಎಕ್ಸ್‌ಪಿಗೂ 2014ರ ಏಪ್ರಿಲ್‌ನಲ್ಲಿ ತಯಾರಕರ ಬೆಂಬಲ ನಿಂತಿತು.

ಹಾಗಾದರೆ ಏನು ಮಾಡಬೇಕು? ಗಣಕ ನಡೆಯುತ್ತಿರುವಾಗಲೇ ಹಾರ್ಡ್ ಡಿಸ್ಕಿನ ಪೂರ್ಣ ಪ್ರತಿ ತೆಗೆದಿಡಿ. ಫ್ಲಾಪಿಯಲ್ಲಿರುವ ಪ್ರೋಗ್ರಾಮನ್ನೂ ನಕಲು ಮಾಡಿ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತರೆ ಡಿಸ್ಕಿನ ವಿವರ ಅಳಿಸಿಹೋಗಬಹುದು. ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಉಬ್ಬಿದ ಕೆಪಾಸಿಟರ್‌ಗಳನ್ನು ಬದಲಾಯಿಸಿ. ಗಣಕವನ್ನು ಅಂತರಜಾಲಕ್ಕೆ ಜೋಡಿಸಬೇಡಿ. ಉಪಕರಣ ಸೀರಿಯಲ್ ಕೇಬಲಿನಿಂದ ಮಾತನಾಡುವಂಥದಾದರೆ ನೀವು ಅದೃಷ್ಟವಂತರು: ಯುಎಸ್‌ಬಿ ಪರಿವರ್ತಕದಿಂದ ಹೊಸ ಗಣಕಕ್ಕೂ ಜೋಡಿಸಿ ನೋಡಬಹುದು.

ಇಷ್ಟೆಲ್ಲ ಶ್ರಮ ಏಕೆ ಎನ್ನುವಿರಾ? ಮಲಪ್ರಭಾ ಕಾಲುವೆಯ ನೀರುಂಡ ನರಗುಂದದ ಎರೆಮಣ್ಣಿನಲ್ಲಿ ಲವಣ ಏರಿದೆಯೇ ಎಂದು ವಿದ್ಯಾರ್ಥಿಯೊಬ್ಬಳು ಕೇಳಿದರೆ, ಇಂದಿನ ಅಳತೆಯೊಂದೇ ಉತ್ತರ ಕೊಡಲಾರದು. ಹೋಲಿಸಲು ಅಂದಿನ ಅಳತೆ ಬೇಕು. ಅದು ಆ ಹಳೆಯ ಡಿಸ್ಕಿನಲ್ಲಿಯೇ ಇರಬಹುದು.